ಗೋದಾವರಿಯ ‘ಘಡಿಯಾಲ್’ ಮೊಸಳೆಯ ಅಜ್ಜನಲ್ಲ

ಪ್ರಶ್ನೆ: ತೆಲಂಗಾಣದ ಗೋದಾವರಿ ಕಣಿವೆಯಲ್ಲಿ ಸಿಕ್ಕ ಪ್ಯಾರಾಸೂಕಸ್ ಎಂಬ ಪ್ರಾಣಿಯ ಅಸ್ಥಿಪಂಜರದ ಚಿತ್ರ ನೋಡಿದೆ. ಥೇಟ್ ಉದ್ದ ಮೂತಿಯ ಮೊಸಳೆಯಾದ ಘಡಿಯಾಲ್‌ನಂತೆಯೇ ಇದೆ. ಇದು ಇಂದಿನ ಮೊಸಳೆಗಳ ಪೂರ್ವಜವೇ? ಹಾಗಿದ್ದರೆ ಮೊಸಳೆ ಇಪ್ಪತ್ತು ಕೋಟಿ ವರ್ಷಗಳಿಂದ ಬದಲಾಗದೆ ಉಳಿದಿರುವ ‘ಜೀವಂತ ಪಳೆಯುಳಿಕೆ’ ಎಂಬ ಮಾತು ನಿಜವೇ? ಇಂಥ ಮೂಳೆಗಳು ಕರ್ನಾಟಕದಲ್ಲಿ ಏಕೆ ಸಿಗುವುದಿಲ್ಲ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಪ್ಯಾರಾಸೂಕಸ್ ಮೊಸಳೆಯ ಪೂರ್ವಜವಲ್ಲ. ದಾಯಾದಿ ಎನ್ನಬಹುದು; ಎಷ್ಟು ದೂರದ ದಾಯಾದಿ ಎಂಬುದರ ಬಗ್ಗೆ ತಜ್ಞರ ನಡುವೆ ಇನ್ನೂ ಜಗಳ ನಡೆಯುತ್ತಿದೆ. ಮೊಸಳೆಯ ನಿಜವಾದ ಹಿರೀಕರು ಅದೇ ಕಾಲದಲ್ಲಿ ನೆಲದ ಮೇಲೆ ಓಡಾಡಿಕೊಂಡಿದ್ದರು. ಅವುಗಳಲ್ಲೊಂದು ಇವತ್ತು ನಿಮ್ಮ ಅಂಗಳಕ್ಕೆ ಬಂದರೆ ‘ಇದ್ಯಾವ ಉದ್ದಕಾಲಿನ ಉಡ’ ಎಂದೀರಿ, ಮೊಸಳೆ ಎಂದು ನಿಮಗೆ ಹೊಳೆಯುವುದೇ ಇಲ್ಲ. ಮೊಸಳೆಯಂತೆ ಕಾಣುವುದು ಮೊಸಳೆಯ ವಂಶದ್ದಲ್ಲ, ವಂಶದ್ದು ಮೊಸಳೆಯಂತೆ ಕಾಣುವುದಿಲ್ಲ ಎಂಬ ಈ ತಿರುವುಮುರುವನ್ನು ಬಿಡಿಸಿದರೆ ನಿಮ್ಮ ಎರಡನೆಯ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಂತೆ.

ಮೊದಲು ಪ್ಯಾರಾಸೂಕಸ್‌ನ ಊರು. ಹಳೆಯ ಆದಿಲಾಬಾದ್ ಜಿಲ್ಲೆಯಲ್ಲಿ, ಪ್ರಾಣಹಿತಾ ಮತ್ತು ಗೋದಾವರಿ ನದಿಗಳ ಕಣಿವೆಯಲ್ಲಿ ಮಲೇರಿ ಎಂಬ ಹಳ್ಳಿಯಿದೆ. ಸುತ್ತಮುತ್ತಲಿನ ಕೆಂಪು ಜೇಡಿಗಲ್ಲಿನ ಪದರಗಳಿಗೆ ಭೂವಿಜ್ಞಾನಿಗಳು ಆ ಹಳ್ಳಿಯ ಹೆಸರನ್ನೇ ಇಟ್ಟಿದ್ದಾರೆ. ಸುಮಾರು 22 ಕೋಟಿ ವರ್ಷಗಳ ಹಿಂದೆ, ಟ್ರಯಾಸಿಕ್ ಯುಗದ ಕೊನೆಯ ಭಾಗದಲ್ಲಿ, ನದಿಗಳು ಉಕ್ಕಿ ಹರಿದು ಬಯಲಿಗೆ ಚೆಲ್ಲಿದ ಮಣ್ಣು ಗಟ್ಟಿಯಾಗಿ ಆದ ಕಲ್ಲು ಅದು. ಆಗ ಭಾರತ ದಕ್ಷಿಣ ಗೋಳಾರ್ಧದಲ್ಲಿತ್ತು; ಆಫ್ರಿಕಾ, ಅಂಟಾರ್ಕ್ಟಿಕಾ, ಅಮೆರಿಕಗಳೆಲ್ಲ ಒಂದೇ ಭೂಖಂಡವಾಗಿ ಅಂಟಿಕೊಂಡಿದ್ದವು. ಗೋದಾವರಿಯ ಈ ಪ್ರಾಣಿಯ ಹತ್ತಿರದ ಸಂಬಂಧಿಗಳು ಜರ್ಮನಿಯಲ್ಲೂ ಮೊರಾಕ್ಕೊದಲ್ಲೂ ಟೆಕ್ಸಸ್‌ನಲ್ಲೂ ಸಿಕ್ಕಿರುವುದು ಇದೇ ಕಾರಣಕ್ಕೆ. ದಾಟಲು ಸಮುದ್ರವೇ ಇರಲಿಲ್ಲ.

ಮಲೇರಿಯ ಪಳೆಯುಳಿಕೆಗಳನ್ನು ವಿಜ್ಞಾನಿಗಳ ಕಣ್ಣಿಗೆ ಬೀಳಿಸಿದವರಲ್ಲಿ ಮುಖ್ಯನಾದವನು ಸ್ಟೀಫನ್ ಹಿಸ್ಲಪ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. ನಾಗಪುರದಲ್ಲಿ ಅವನ ಹೆಸರಿನ ಕಾಲೇಜು ಈಗಲೂ ಇದೆ. ಧರ್ಮಪ್ರಚಾರದ ನಡುವೆಯೇ ಕಲ್ಲು ಕೆದಕುವ ಹುಚ್ಚು ಹಚ್ಚಿಕೊಂಡಿದ್ದ ಆತ 1863ರಲ್ಲಿ ನಾಗಪುರದ ಬಳಿ ತುಂಬಿದ ಹಳ್ಳ ದಾಟುವಾಗ ಮುಳುಗಿ ತೀರಿಕೊಂಡ. 1885ರಲ್ಲಿ ಪಳೆಯುಳಿಕೆಗಳನ್ನು ಅಭ್ಯಾಸಮಾಡುತ್ತಿದ್ದ ಬ್ರಿಟಿಷ್ ವಿಜ್ಞಾನಿ ರಿಚರ್ಡ್ ಲಿಡೆಕ್ಕರ್ ಈ ಪ್ರಾಣಿಯನ್ನು ವಿವರಿಸುವಾಗ ಅವನ ನೆನಪಿಗೆಂದು ‘ಪ್ಯಾರಾಸೂಕಸ್ ಹಿಸ್ಲೊಪಿ’ ಎಂದು ದಾಖಲಿಸಿದ.

ಆದರೆ ಲಿಡೆಕ್ಕರ್‌ನ ಕೈಯಲ್ಲಿದ್ದದ್ದು ಏನು? ಮೂತಿಯ ಒಂದು ತುಂಡು, ಕೆಲವು ಹಲ್ಲು, ಬೆನ್ನಿನ ಮೂಳೆಫಲಕಗಳು, ತಲೆಬುರುಡೆಯ ತಳದ ಒಂದು ಚೂರು. ಆ ಚೂರು ಈ ಪ್ರಾಣಿಯದ್ದೇ ಅಲ್ಲ, ಹೈಪರೊಡಾಪೆಡಾನ್ ಎಂಬ ಕೊಕ್ಕುಮೂತಿಯ ಸಸ್ಯಾಹಾರಿಯದ್ದು ಎಂದು ಮುಂದೆ ತಿಳಿಯಿತು. ಎರಡು ಪ್ರಾಣಿಗಳನ್ನು ಒಂದೇ ಹೆಸರಿನ ಕೆಳಗೆ ಕೂಡಿಹಾಕಿದಂತಾಗಿತ್ತು. ಬಿಡಿ ಚೂರುಗಳನ್ನು ಹಿಡಿದು ಜಾತಿಗೆ ಹೆಸರಿಡುವ ಹತ್ತೊಂಬತ್ತನೆಯ ಶತಮಾನದ ಚಾಳಿಯಿಂದ ನಮ್ಮ ಕ್ಷೇತ್ರದಲ್ಲಿ ಇಂಥ ಗೋಜಲುಗಳು ರಾಶಿ ಬಿದ್ದಿವೆ. ಇದನ್ನು ಬಿಡಿಸಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಬಿಡಿಸಿದ್ದು ಕೋಲ್ಕತ್ತಾದ ಭಾರತೀಯ ಸಾಂಖ್ಯಿಕ ಸಂಸ್ಥೆ. ಸಂಖ್ಯಾಶಾಸ್ತ್ರದವರಿಗೆ ಮೂಳೆಗಳ ಗೊಡವೆ ಏಕೆ ಎಂದು ಕೇಳುವವರು ಇಂದಿಗೂ ಇದ್ದಾರೆ. ಸಂಸ್ಥೆ ಕಟ್ಟಿದ ಪಿ. ಸಿ. ಮಹಾಲನೊಬಿಸ್ ಅವರಿಗೆ ಅಳೆಯಬಹುದಾದ ಯಾವುದೂ ಹೊರಗಿನದಾಗಿ ಕಾಣುತ್ತಿರಲಿಲ್ಲ. 1950ರ ದಶಕದ ಕೊನೆಯಲ್ಲಿ ಅವರು ಲಂಡನ್ನಿನಿಂದ ಪಮೇಲಾ ರಾಬಿನ್ಸನ್ ಎಂಬ ಪ್ರಾಗ್ಜೀವ ವಿಜ್ಞಾನಿಯನ್ನು ಕರೆಸಿ ಗೋದಾವರಿ ಕಣಿವೆಯಲ್ಲಿ ಕೆಲಸ ಶುರುಮಾಡಿಸಿದರು. ಅಲ್ಲಿ ತಯಾರಾದ ತಲೆಮಾರಿನವರಲ್ಲಿ ಶಂಕರ್ ಚಟರ್ಜಿ ಒಬ್ಬರು. ಚೂರುಗಳ ಬದಲು ಅವರಿಗೆ ಸಿಕ್ಕದ್ದು ಎರಡು ಇಡೀ ಅಸ್ಥಿಪಂಜರಗಳು. ಮೂಳೆಗಳು ಬದುಕಿದ್ದಾಗಿನ ಜೋಡಣೆಯಲ್ಲೇ ಉಳಿದಿದ್ದವು. ಹೊಟ್ಟೆಯ ಜಾಗದಲ್ಲಿ ಮತ್ತೊಂದು ಪ್ರಾಣಿಯ ಮೂಳೆಗಳಿದ್ದವು. ಕೊನೆಯ ಊಟ! ಉದ್ದ ಕತ್ತಿನ, ಹಲ್ಲಿಯಂಥ ಆ ಬಲಿಪ್ರಾಣಿಯೂ ವಿಜ್ಞಾನಕ್ಕೆ ಹೊಸದೇ ಆಗಿತ್ತು. ಅದಕ್ಕೆ ಊರಿನ ಹೆಸರನ್ನೂ ರಾಬಿನ್ಸನ್ ಅವರ ಹೆಸರನ್ನೂ ಸೇರಿಸಿ ‘ಮಲೇರಿಸಾರಸ್ ರಾಬಿನ್ಸನೆ’ ಎಂದು ಕರೆದರು. ಪ್ಯಾರಾಸೂಕಸ್‌ನ ಪೂರ್ಣ ವಿವರಣೆ 1978ರಲ್ಲಿ ಬಂತು. ಆಮೇಲೂ ‘ಲಿಡೆಕ್ಕರ್‌ನ ಕೈಯಲ್ಲಿದ್ದ ಮೂತಿಯ ಚೂರಿನಿಂದ ಜಾತಿಯನ್ನು ಗುರುತಿಸಲು ಸಾಧ್ಯವಿಲ್ಲ, ಆದ್ದರಿಂದ ಆ ಹೆಸರೇ ಅಸಿಂಧು’ ಎಂಬ ತಕರಾರು ಎದ್ದಿತು. ಕೊನೆಗೆ 2003ರಲ್ಲಿ ಪ್ರಾಣಿಗಳ ಹೆಸರುಗಳ ಅಂತರರಾಷ್ಟ್ರೀಯ ಆಯೋಗ ಆ ಚೂರನ್ನು ಬದಿಗಿಟ್ಟು, ಕೋಲ್ಕತ್ತಾದಲ್ಲಿರುವ ಅಸ್ಥಿಪಂಜರವನ್ನೇ ಹೆಸರಿನ ಅಧಿಕೃತ ಆಧಾರವೆಂದು ಒಪ್ಪಿತು.

ಈಗ ನೀವು ನೋಡಿದ ಚಿತ್ರಕ್ಕೆ ಬರೋಣ. ಉದ್ದ, ಸಪೂರ ಮೂತಿ. ಸಾಲುಗಟ್ಟಿದ ಚೂಪು ಹಲ್ಲು. ಬೆನ್ನ ಮೇಲೆ ಮೂಳೆಯ ಫಲಕಗಳು. ಗಿಡ್ಡ ಕಾಲು, ಬಲವಾದ ಬಾಲ. ಚಂಬಲ್ ನದಿಯ ಘಡಿಯಾಲ್ ಪಕ್ಕದಲ್ಲಿಟ್ಟರೆ ಯಾರಾದರೂ ಮೋಸಹೋಗುವಂತಿದೆ. ಆದರೆ ಒಂದು ಕ್ಷಣ ಮೂಗಿನ ಹೊಳ್ಳೆಗಳನ್ನು ಹುಡುಕಿ. ಘಡಿಯಾಲ್‌ಗೆ ಅವು ಮೂತಿಯ ತುದಿಯಲ್ಲಿವೆ. ಗಂಡು ಘಡಿಯಾಲ್‌ನ ಮಡಕೆಯಂಥ ಗುಬುಟು ಬೆಳೆಯುವುದು ಅಲ್ಲಿಯೇ. ಪ್ಯಾರಾಸೂಕಸ್‌ನ ಮೂತಿಯ ತುದಿಯಲ್ಲಿ ಹೊಳ್ಳೆಯಿಲ್ಲ. ಬೆರಳನ್ನು ಮೂತಿಯ ಮೇಲೆ ಹಿಂದಕ್ಕೆ ಜಾರಿಸುತ್ತಾ ಹೋದರೆ ಕಣ್ಣುಗಳಿಗೆ ಸ್ವಲ್ಪ ಮುಂಚೆ, ತಲೆಯ ಮೇಲ್ಭಾಗದಲ್ಲಿ, ಎರಡು ರಂಧ್ರಗಳು ಸಿಗುತ್ತವೆ. ಅವೇ ಹೊಳ್ಳೆಗಳು. ಈ ಗುಂಪಿಗೆ ಫೈಟೊಸಾರ್ ಎಂದು ಹೆಸರು. ಇದರ ನಂತರದ ಜಾತಿಗಳಲ್ಲಿ ಹೊಳ್ಳೆಗಳು ಇನ್ನೂ ಹಿಂದಕ್ಕೆ ಸರಿದು, ಚಿಕ್ಕ ದಿಬ್ಬದ ಮೇಲೆ ಕೂತಿರುತ್ತವೆ.

ಹೊಳ್ಳೆ ಎಲ್ಲಿದ್ದರೇನು ಎಂದು ಕೇಳಬೇಡಿ. ಇಡೀ ವಿಷಯ ನಿಂತಿರುವುದೇ ಅದರ ಮೇಲೆ. ನೀರಿನಲ್ಲಿ ಅಡಗಿ ಹೊಂಚುಹಾಕುವ ಪ್ರಾಣಿಗೆ ಬಾಯಿ ನೀರೊಳಗಿದ್ದಾಗಲೂ ಉಸಿರಾಡುವ ದಾರಿ ಬೇಕು. ಮೊಸಳೆ ಇದನ್ನು ಅಂಗುಳಿನಿಂದ ಸಾಧಿಸಿದೆ. ತುದಿಯ ಹೊಳ್ಳೆಯಿಂದ ಹೊಕ್ಕ ಗಾಳಿ ಬಾಯಿಯ ಸಂಪರ್ಕಕ್ಕೇ ಬಾರದೆ, ಮೂಳೆಯ ಅಂಗುಳಿನ ಮೇಲೆ ಪ್ರತ್ಯೇಕ ಕೊಳವೆಯಲ್ಲಿ ಇಡೀ ಮೂತಿಯುದ್ದ ಸಾಗಿ ನೇರವಾಗಿ ಗಂಟಲಿನ ಹಿಂಭಾಗಕ್ಕೆ ಬೀಳುತ್ತದೆ. ನಾಲಿಗೆಯ ಬುಡದ ಬಳಿ ಒಂದು ಪರದೆ ಗಂಟಲನ್ನು ಮುಚ್ಚಿಕೊಳ್ಳುತ್ತದೆ. ಹಾಗಾಗಿ ಮೊಸಳೆ ನೀರೊಳಗೆ ಜಿಂಕೆಯನ್ನು ಬಾಯಲ್ಲಿ ಕಚ್ಚಿಹಿಡಿದುಕೊಂಡೇ ಮೂತಿಯ ತುದಿಯನ್ನಷ್ಟು ಮೇಲೆತ್ತಿ ಆರಾಮವಾಗಿ ಉಸಿರಾಡಬಲ್ಲದು. ಫೈಟೊಸಾರ್‌ಗೆ ಈ ಪೂರ್ಣ ಮೂಳೆ ಅಂಗುಳಿಲ್ಲ. ಅದು ಹೊಳ್ಳೆಗಳನ್ನೇ ಹಿಂದಕ್ಕೆ ಒಯ್ದು, ಗಂಟಲಿನ ಹತ್ತಿರ ಇಟ್ಟುಕೊಂಡಿದೆ. ಗಾಳಿಯ ದಾರಿ ಗಿಡ್ಡವಾಯಿತು. ತೊಂದರೆ ಒಂದೇ, ಪರಿಹಾರ ಎರಡು, ಎರಡೂ ಸ್ವತಂತ್ರ. ಒಂದೇ ವಂಶದ ಅಜ್ಜ-ಮೊಮ್ಮಗ ಆಗಿದ್ದರೆ ಹೀಗಿರುತ್ತಿರಲಿಲ್ಲ: ಕಣ್ಣಿನ ಹತ್ತಿರಕ್ಕೆ ಸರಿದ ಹೊಳ್ಳೆ ಮತ್ತೆ ಮೂತಿಯ ತುದಿಗೆ ಮರಳಬೇಕು, ಅದರ ಜೊತೆಗೆ ಅಂಗುಳು ಹೊಸದಾಗಿ ಬೆಳೆಯಬೇಕು. ಅಂಥ ನಡುವಿನ ಹಂತದ ಒಂದು ತಲೆಬುರುಡೆಯೂ ಸಿಕ್ಕಿಲ್ಲ.

ಇನ್ನೊಂದು ಪುರಾವೆ ಚೀನಾದಿಂದ ಬಂದಿದೆ. ಯುನ್ನಾನ್ ಪ್ರಾಂತ್ಯದಲ್ಲಿ ಸಿಕ್ಕ ಡಯಾನ್‌ಡಾಂಗೊಸೂಕಸ್ ಎಂಬ ಪ್ರಾಣಿಯನ್ನು 2012ರಲ್ಲಿ ವಿವರಿಸಿದಾಗ ಬೇರೊಂದು ಗುಂಪಿಗೆ ಸೇರಿಸಿದ್ದರು. 2017ರಲ್ಲಿ ಮಿಷೆಲ್ ಸ್ಟಾಕರ್ ಮತ್ತು ಸಂಗಡಿಗರು ಅದನ್ನು ಮತ್ತೆ ಪರಿಶೀಲಿಸಿ, ಇದು ಈವರೆಗೆ ಗೊತ್ತಿರುವ ಅತ್ಯಂತ ಹಳೆಯ ಫೈಟೊಸಾರ್ ಎಂದು ತೋರಿಸಿದರು. ಅದರ ಮೂತಿ ಗಿಡ್ಡ, ಘಡಿಯಾಲ್‌ನ ಹೋಲಿಕೆ ಒಂದಿಷ್ಟೂ ಇಲ್ಲ. ಎಂದರೆ ಈ ಗುಂಪು ಆರಂಭವಾದದ್ದು ಸಾಧಾರಣ ಮೂತಿಯಿಂದ. ಉದ್ದ ಮೂತಿ ಆಮೇಲೆ, ಅದರ ಸ್ವಂತ ಸಂಪಾದನೆಯಾಗಿ ಬಂತು. ಘಡಿಯಾಲ್‌ನ ಮೂತಿ ಬಂದದ್ದು ಅದಾಗಿ ಎಷ್ಟೋ ಕೋಟಿ ವರ್ಷಗಳ ನಂತರ, ಬೇರೆಯದೇ ದಾರಿಯಲ್ಲಿ. ನದಿಯಲ್ಲಿ ಮೀನನ್ನು ಅಡ್ಡಡ್ಡ ಬೀಸಿ ಹಿಡಿಯಬೇಕಾದರೆ ನೀರಿನ ತಡೆ ಕಡಿಮೆ ಇರುವ ಸಪೂರ ಮೂತಿಯೇ ಲಾಭ. ಗಂಗೆಯ ಡಾಲ್ಫಿನ್‌ಗೂ ಅಂಥದ್ದೇ ಮೂತಿ ಇದೆ. ಅದನ್ನು ನೋಡಿ ಡಾಲ್ಫಿನ್ ಮೊಸಳೆಯ ನೆಂಟ ಎಂದು ಯಾರೂ ಹೇಳುವುದಿಲ್ಲ.

ಫೈಟೊಸಾರ್‌ಗಳ ವಿಷಯದಲ್ಲಿ ಎಡವುವುದು ಮೊದಲಿನಿಂದಲೂ ನಡೆದುಬಂದಿದೆ ಎಂದರೂ ಸರಿಯೇ. 1828ರಲ್ಲಿ ಜರ್ಮನಿಯಲ್ಲಿ ಮೊದಲ ದವಡೆಯನ್ನು ವಿವರಿಸಿದ ಯೇಗರ್, ಹಲ್ಲುಗಳು ಉದುರಿಹೋದ ಕುಳಿಗಳಲ್ಲಿ ಗಟ್ಟಿಯಾಗಿದ್ದ ಕೆಸರನ್ನೇ ಹಲ್ಲು ಎಂದು ತಿಳಿದು, ಇದು ಸೊಪ್ಪುಸದೆ ತಿನ್ನುವ ಪ್ರಾಣಿ ಎಂದು ಬರೆದುಬಿಟ್ಟ. ಸೊಪ್ಪು ತಿನ್ನುವುದೆಂದರೆ ಏನೆಂದೇ ಗೊತ್ತಿಲ್ಲದ ಈ ಬೇಟೆಗಾರರ ಗುಂಪಿಗೆ ಸಸ್ಯದ ಹೆಸರು (ಗ್ರೀಕ್‌ನಲ್ಲಿ ‘ಫೈಟೊ’ ಎಂದರೆ ಗಿಡ) ಕಾಯಂ ಆಗಿ ಉಳಿಯಿತು.

ಹಾಗಾದರೆ ಫೈಟೊಸಾರ್ ಮೊಸಳೆಗೆ ಏನಾಗಬೇಕು? ಇಲ್ಲಿ ವಂಶವೃಕ್ಷವನ್ನು ಸ್ವಲ್ಪ ನೋಡಬೇಕು. ಇಂದು ಬದುಕಿರುವ ಪ್ರಾಣಿಗಳಲ್ಲಿ ಮೊಸಳೆಗೆ ಅತಿ ಹತ್ತಿರದ ಸಂಬಂಧಿ ಹಲ್ಲಿಯೂ ಅಲ್ಲ, ಉಡವೂ ಅಲ್ಲ, ಹಕ್ಕಿ. ರಂಗನತಿಟ್ಟಿನ ಬಂಡೆಯ ಮೇಲೆ ಮೈಕಾಯಿಸುವ ಮೊಸಳೆಗೆ ಪಕ್ಕದ ಮರದ ಕೊಕ್ಕರೆ ರಕ್ತಸಂಬಂಧದಲ್ಲಿ ಓತಿಕೇತಕ್ಕಿಂತ ಹತ್ತಿರ. ಟ್ರಯಾಸಿಕ್ ಯುಗದ ಆರಂಭದಲ್ಲಿ, ಸುಮಾರು 25 ಕೋಟಿ ವರ್ಷಗಳ ಹಿಂದೆ, ಇವುಗಳ ಸಾಮಾನ್ಯ ಪೂರ್ವಜನಿಂದ ಎರಡು ಕವಲುಗಳು ಒಡೆದವು. ಒಂದರಲ್ಲಿ ಡೈನೊಸಾರ್‌ಗಳು ಮತ್ತು ಹಕ್ಕಿಗಳು ಬಂದವು, ಇನ್ನೊಂದರಲ್ಲಿ ಮೊಸಳೆಗಳು ಮತ್ತು ಅವುಗಳ ಅಳಿದುಹೋದ ಬಂಧುಬಳಗ. ಈ ಕವಲುಗಳನ್ನು ಗುರುತಿಸಲು ಪ್ರಾಗ್ಜೀವ ವಿಜ್ಞಾನಿಗಳು ಬಹಳ ಕಾಲ ನೆಚ್ಚಿಕೊಂಡದ್ದು ಪಾದದ ಗಂಟನ್ನು.

ಹಕ್ಕಿ ಮತ್ತು ಡೈನೊಸಾರ್‌ಗಳಲ್ಲಿ ಗಂಟಿನ ಮೇಲಿನ ಎರಡು ಮೂಳೆಗಳು ಕಣಕಾಲಿಗೆ ಭದ್ರವಾಗಿ ಅಂಟಿಕೊಂಡಿರುತ್ತವೆ; ಪಾದ ಅವುಗಳ ಕೆಳಗೆ ಬಾಗಿಲು ತಿರುಗಣಿಯ ಮೇಲೆ ಆಡುವಂತೆ ಹಿಂದೆ-ಮುಂದೆ ಮಾತ್ರ ಆಡುತ್ತದೆ. ಮೊಸಳೆಯಲ್ಲಿ ಆ ಎರಡು ಮೂಳೆಗಳ ನಡುವೆಯೇ ಕೀಲಿದೆ. ಒಂದರ ಗೂಟ ಇನ್ನೊಂದರ ಕುಳಿಯಲ್ಲಿ ಕೂತು ತಿರುಗುತ್ತದೆ, ಹೊರಗಿನದು ಪಾದದ ಜೊತೆಗೇ ಚಲಿಸುತ್ತದೆ, ಅದರ ಹಿಂಭಾಗ ಹಿಮ್ಮಡಿಯಂತೆ ಚಾಚಿಕೊಂಡು ಸ್ನಾಯುವಿಗೆ ಹಿಡಿತ ಕೊಡುತ್ತದೆ. ಹಾಗಾಗಿ ಮೊಸಳೆಗೆ ಎರಡು ನಡಿಗೆ ಸಾಧ್ಯ: ಹೊಟ್ಟೆ ನೆಲಕ್ಕೆ ಎಳೆಯುತ್ತಾ ಹೋಗುವುದು ಒಂದು, ಕಾಲುಗಳನ್ನು ಮೈಕೆಳಗೆ ಒಯ್ದು ಎದ್ದುನಿಂತು ನಡೆಯುವುದು ಇನ್ನೊಂದು.

ಪ್ಯಾರಾಸೂಕಸ್‌ನ ಪಾದದಲ್ಲೂ ಗೂಟ-ಕುಳಿಯ ಈ ಗಂಟು ಇದೆ. ಆ ಕಾರಣಕ್ಕೆ ಅದನ್ನು ಬಹುಕಾಲ ಮೊಸಳೆಯ ಕವಲಿನ ಬುಡದಲ್ಲೇ ಇಡುತ್ತಿದ್ದರು. 2011ರಲ್ಲಿ ಸ್ಟರ್ಲಿಂಗ್ ನೆಸ್ಬಿಟ್ ಈ ಇಡೀ ವೃಕ್ಷವನ್ನು ಮರುಪರಿಶೀಲಿಸಿ, ಅಂಥ ಗಂಟು ಎರಡೂ ಕವಲುಗಳು ಒಡೆಯುವುದಕ್ಕೆ ಮೊದಲೇ ಇತ್ತು, ಫೈಟೊಸಾರ್‌ಗಳು ಕವಲೊಡೆಯುವ ಮುಂಚಿನವು ಎಂದು ವಾದಿಸಿದರು. ಹಾಗಿದ್ದರೆ ಅವು ಮೊಸಳೆಗೆ ಎಷ್ಟು ದೂರವೋ ಗುಬ್ಬಚ್ಚಿಗೂ ಅಷ್ಟೇ ದೂರ. 2016ರಲ್ಲಿ ಮಾರ್ಟಿನ್ ಎಜ್ಕುರಾ ಮತ್ತೆ ಅವನ್ನು ಮೊಸಳೆಯ ಕವಲಿಗೇ ಮರಳಿಸಿದರು. ನನಗೆ ಈ ಎರಡನೆಯ ವಾದವೇ ಹೆಚ್ಚು ಒಪ್ಪಿಗೆ. ಆದರೆ ಮುಂದಿನ ಒಂದು ಒಳ್ಳೆಯ ತಲೆಬುರುಡೆ ಇದನ್ನು ತಲೆಕೆಳಗು ಮಾಡಿದರೆ ಆಶ್ಚರ್ಯಪಡುವುದಿಲ್ಲ. ಯಾವುದು ನಿಜವಾದರೂ ಅದು ಪಕ್ಕದ ಕೊಂಬೆಯೇ ಹೊರತು ಮೊಸಳೆಗೆ ಒಯ್ಯುವ ಕಾಂಡವಲ್ಲ.

ಕಾಂಡದ ಮೇಲೆ ಕೂತಿರುವ ಪ್ರಾಣಿಗಳು ಯಾವುವು? ಅಮೆರಿಕದ ಅರಿಜೋನಾದಲ್ಲಿ ಸಿಕ್ಕ ಹೆಸ್ಪೆರೊಸೂಕಸ್. ಇದನ್ನು ಎಡ್ವಿನ್ ಕೋಲ್ಬರ್ಟ್ 1952ರಲ್ಲಿ ವಿವರಿಸಿದರು. ವೇಲ್ಸ್‌ನ ಒಂದು ಸುಣ್ಣಕಲ್ಲಿನ ಗಣಿಯಲ್ಲಿ ಸಿಕ್ಕಿ, 1984ರಲ್ಲಿ ಹೆಸರು ಪಡೆದ ಟೆರೆಸ್ಟ್ರಿಸೂಕಸ್. ಜರ್ಮನಿಯ ಸಾಲ್ಟೊಪೊಸೂಕಸ್. ಇವು ಸಣ್ಣ ಪ್ರಾಣಿಗಳು. ಟೆರೆಸ್ಟ್ರಿಸೂಕಸ್ ಬಾಲ ಸೇರಿಸಿದರೂ ಒಂದು ಮೀಟರ್ ಮುಟ್ಟುವುದಿಲ್ಲ, ಆ ಉದ್ದದಲ್ಲಿ ಬಾಲದ ಪಾಲೇ ದೊಡ್ಡದು. ಕಾಲುಗಳು ಕಡ್ಡಿಯಂತೆ ಸಪೂರ, ಉದ್ದ, ಮೈಯ ನೇರ ಕೆಳಗೆ ನಿಂತಿವೆ. ನೀರಿನಲ್ಲಿ ಈಜುವ ಸಿದ್ಧತೆಯ ಯಾವ ಗುರುತೂ ಇಲ್ಲ. ಒಣನೆಲದಲ್ಲಿ ಓಡಿ ಕೀಟ, ಚಿಕ್ಕ ಹಲ್ಲಿಗಳನ್ನು ಹಿಡಿಯುವ ಬದುಕಿಗೆ ಹೇಳಿಮಾಡಿಸಿದ ದೇಹ. ಅವುಗಳ ಮೂಳೆಯ ತೆಳುಹೋಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದವರಿಗೆ ಕಂಡದ್ದು ಇಂದಿನ ಮೊಸಳೆಯಂತೆ ನಿಧಾನವಾಗಿ, ವರ್ಷಕ್ಕೊಂದು ಗೆರೆ ಎಳೆಯುತ್ತಾ ಬೆಳೆದ ಮೂಳೆಯಲ್ಲ. ರಕ್ತನಾಳಗಳು ದಟ್ಟವಾಗಿ ಹೆಣೆದುಕೊಂಡು ಬೇಗಬೇಗನೆ ಬೆಳೆದ ಮೂಳೆ.

ಹೀಗಿರುವಾಗ ಇವೇ ಮೊಸಳೆಯ ಹಿರೀಕರು ಎಂದು ಹೇಳುವುದು ಹೇಗೆ? ಮುಂಗಾಲಿನ ಮಣಿಕಟ್ಟಿನಿಂದ. ಸಾಮಾನ್ಯವಾಗಿ ಮಣಿಕಟ್ಟಿನ ಮೂಳೆಗಳು ಗೋಲಿಗಳಂತೆ ಗುಂಡಗೆ, ಚಿಕ್ಕದಾಗಿ ಇರುತ್ತವೆ, ನಿಮ್ಮದೂ ಹಾಗೆಯೇ. ಮೊಸಳೆಯಲ್ಲಿ ಮಾತ್ರ ಅವುಗಳಲ್ಲಿ ಎರಡು ಮೂಳೆಗಳು ಉದ್ದಕ್ಕೆ ಬೆಳೆದು, ನಡು ಸಣ್ಣಗಾಗಿ, ಮುಂಗಾಲಿಗೆ ಇನ್ನೊಂದು ಖಂಡ ಸೇರಿಸಿದಂತೆ ಕಾಣುತ್ತವೆ. ದಾಂಡೇಲಿಯ ಕಾಳಿ ನದಿಯ ಮೊಸಳೆಗೂ ಅದು ಇದೆ, ಫ್ಲೋರಿಡಾದ ಆಲಿಗೇಟರ್‌ಗೂ ಇದೆ. ಸರಿಸುಮಾರು 21 ಕೋಟಿ ವರ್ಷಗಳ ಹಿಂದಿನ ಟೆರೆಸ್ಟ್ರಿಸೂಕಸ್‌ನ ಕಡ್ಡಿಗಾಲಿನಲ್ಲೂ ಅದು ಇದೆ. ಪ್ಯಾರಾಸೂಕಸ್‌ನಲ್ಲಿ ಇಲ್ಲ. ದವಡೆಯ ಕೀಲನ್ನು ಹಿಡಿದ ಮೂಳೆ ಮುಂದಕ್ಕೆ ವಾಲಿರುವುದು, ತಲೆಬುರುಡೆಯೊಳಗಿನ ಗಾಳಿಗೂಡುಗಳು ಮುಂತಾದ ಬೇರೆ ಗುರುತುಗಳೂ ಸೇರಿಕೊಳ್ಳುತ್ತವೆ. ಆದರೆ ವಿದ್ಯಾರ್ಥಿಗಳಿಗೆ ತೋರಿಸಲು ಮಣಿಕಟ್ಟಿನಷ್ಟು ಒಳ್ಳೆಯ ಸಾಕ್ಷಿ ಬೇರೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ಮೂತಿಯನ್ನು ಪರಿಸರ ತಿದ್ದಿಬಿಡುತ್ತದೆ. ಮಣಿಕಟ್ಟಿನ ಗೊಡವೆಗೆ ಅದು ಅಷ್ಟಾಗಿ ಹೋಗುವುದಿಲ್ಲ.

ಈ ಪುಟ್ಟ ಪ್ರಾಣಿಗಳ ಬಗ್ಗೆ ಒಂದು ಸ್ವಾರಸ್ಯದ ಪ್ರಸಂಗವಿದೆ. 1947ರಲ್ಲಿ ನ್ಯೂ ಮೆಕ್ಸಿಕೋದ ಘೋಸ್ಟ್ ರ್‍ಯಾಂಚ್ ಎಂಬಲ್ಲಿ ಕೋಲ್ಬರ್ಟ್ ತಂಡಕ್ಕೆ ಸೀಲೊಫೈಸಿಸ್ ಎಂಬ ಆದಿಕಾಲದ ಡೈನೊಸಾರ್‌ನ ಮೂಳೆಗಳ ರಾಶಿಯೇ ಸಿಕ್ಕಿತು. ಕೆಲವು ದೊಡ್ಡ ಅಸ್ಥಿಪಂಜರಗಳ ಹೊಟ್ಟೆಯಲ್ಲಿ ಸಣ್ಣ ಮೂಳೆಗಳಿದ್ದವು. ಅವು ಮರಿಗಳ ಮೂಳೆಗಳು, ಸೀಲೊಫೈಸಿಸ್ ತನ್ನ ಕುಲವನ್ನೇ ತಿನ್ನುತ್ತಿತ್ತು ಎಂದು ಕೋಲ್ಬರ್ಟ್ ಬರೆದರು. ಆ ಕಥೆ ಮಕ್ಕಳ ಪುಸ್ತಕಗಳವರೆಗೂ ಹಬ್ಬಿತು. 2006ರಲ್ಲಿ ನೆಸ್ಬಿಟ್ ಮತ್ತು ಸಂಗಡಿಗರು ಆ ಮೂಳೆಗಳನ್ನು ಮತ್ತೆ ನೋಡಿದರು. ಸೊಂಟ ಮತ್ತು ತೊಡೆಯ ಮೂಳೆಗಳ ಆಕಾರ ಡೈನೊಸಾರ್‌ನದ್ದಾಗಿರಲಿಲ್ಲ. ಮೂಳೆಯ ಒಳರಚನೆಯೂ ಹೊಂದಲಿಲ್ಲ. ಹೊಟ್ಟೆಯಲ್ಲಿದ್ದದ್ದು ಹೆಸ್ಪೆರೊಸೂಕಸ್‌ನಂಥ ಮೊಸಳೆಬಂಧು. ಮೊಸಳೆಗಳ ಹಿರಿಯ ತಲೆಮಾರು ಡೈನೊಸಾರ್‌ಗಳಿಗೆ ತಿಂಡಿಯಾಗಿತ್ತು. ಪಾಪದ ಸೀಲೊಫೈಸಿಸ್ ಮೇಲಿನ ಮರಿಭಕ್ಷಕ ಎಂಬ ಆರೋಪವೂ ಬಹುಮಟ್ಟಿಗೆ ಇಳಿಯಿತು.

ಘೋಸ್ಟ್ ರ್‍ಯಾಂಚ್‌ನಿಂದಲೇ ಇನ್ನೊಂದು ಅಚ್ಚರಿ. ಆಗ ಕಿತ್ತು ತಂದ ಕಲ್ಲುಬಂಡೆಗಳಲ್ಲಿ ಎಷ್ಟೋ ಬಂಡೆಗಳು ಪ್ಲಾಸ್ಟರ್ ಹೊದಿಕೆಯನ್ನೂ ಬಿಚ್ಚದೆ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದ ಗೋದಾಮಿನಲ್ಲಿ ದಶಕಗಟ್ಟಲೆ ಬಿದ್ದಿದ್ದವು. ಆಗ ವಿದ್ಯಾರ್ಥಿಯಾಗಿದ್ದ ನೆಸ್ಬಿಟ್ ಅವುಗಳಲ್ಲಿ ಕೆಲವನ್ನು ಬಿಚ್ಚಿದಾಗ ಹೊರಬಂದದ್ದು ಹಲ್ಲಿಲ್ಲದ ಕೊಕ್ಕು, ದೊಡ್ಡ ಕಣ್ಣು, ಚಿಕ್ಕ ಕೈ, ಎರಡು ಕಾಲಿನ ಮೇಲೆ ನಿಲ್ಲುವ, ಉಷ್ಟ್ರಪಕ್ಷಿಯಂಥ ಪ್ರಾಣಿ. ಪಾದದ ಗಂಟು ಮಾತ್ರ ಅಪ್ಪಟ ಮೊಸಳೆಯದ್ದು! 2006ರಲ್ಲಿ ಅವರು ಮತ್ತು ಮಾರ್ಕ್ ನೊರೆಲ್ ಅದಕ್ಕೆ ‘ಎಫೀಜಿಯಾ’ ಎಂದು ಹೆಸರಿಟ್ಟರು. ಜಾತಿಯ ಹೆಸರು ಆ ಊರಿನಲ್ಲಿ ಬಾಳಿದ ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ ಅವರ ಗೌರವಕ್ಕೆ. ಇದರಿಂದ ಹಳೆಯ ಒಂದು ಒಗಟೂ ಬಿಡಿಸಿಕೊಂಡಿತು. ಪ್ಯಾರಾಸೂಕಸ್ ವಿವರಿಸಿದ ಶಂಕರ್ ಚಟರ್ಜಿ ಅವರೇ ಟೆಕ್ಸಸ್‌ಗೆ ಹೋದ ಮೇಲೆ, 1993ರಲ್ಲಿ, ಅಲ್ಲಿ ಸಿಕ್ಕ ಹಲ್ಲಿಲ್ಲದ ಒಂದು ತಲೆಬುರುಡೆಯನ್ನು ಉಷ್ಟ್ರಪಕ್ಷಿಯಂಥ ಡೈನೊಸಾರ್ ಎಂದು ಭಾವಿಸಿ ಮಗನ ಹೆಸರಿನಲ್ಲಿ ಶುವೊಸಾರಸ್ ಎಂದು ಕರೆದಿದ್ದರು. ಎಫೀಜಿಯಾದಲ್ಲಿ ಅಂಥದ್ದೇ ತಲೆ ಮೊಸಳೆಕವಲಿನ ದೇಹಕ್ಕೆ ಅಂಟಿಕೊಂಡೇ ಸಿಕ್ಕಿತು. ಶುವೊಸಾರಸ್ ಕೂಡ ಡೈನೊಸಾರ್ ಅಲ್ಲ ಎಂದಾಯಿತು. ಎಫೀಜಿಯಾ ಮೊಸಳೆಯ ನೇರ ಪೂರ್ವಜ ಅಲ್ಲ, ಪಕ್ಕದ ಕೊಂಬೆ. ಆದರೆ ಡೈನೊಸಾರ್‌ಗಳು ಅಂಥ ದೇಹವನ್ನು ರೂಪಿಸಿಕೊಳ್ಳುವುದಕ್ಕೆ ಬಹಳ ಮುಂಚೆಯೇ ಮೊಸಳೆಯ ದಾಯಾದಿಗಳು ಅದನ್ನು ರೂಪಿಸಿ ಮುಗಿಸಿದ್ದವು ಎಂಬುದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ.

ಟ್ರಯಾಸಿಕ್ ಯುಗದ ಕೊನೆಯಲ್ಲಿ ನೆಲದ ಮೇಲಿನ ದೊಡ್ಡ ಬೇಟೆಗಾರರೂ ಬಹುಪಾಲು ಇದೇ ಕವಲಿನವರು. ಮಧ್ಯಪ್ರದೇಶದ ತಿಕಿ ಪದರಗಳಲ್ಲಿ ಸಿಕ್ಕ ತಿಕಿಸೂಕಸ್, ಟೆಕ್ಸಸ್‌ನ ಪೋಸ್ಟೊಸೂಕಸ್ ಇಂಥವು. ನೀರು ಫೈಟೊಸಾರ್‌ಗಳದ್ದು, ನೆಲ ಇವುಗಳದ್ದು ಎಂದು ಪಠ್ಯಗಳಲ್ಲಿ ಅಚ್ಚುಕಟ್ಟಾಗಿ ಹಂಚಿರುತ್ತಾರೆ. ಪ್ರಾಣಿಗಳು ಆ ಹಂಚಿಕೆಗೆ ಬದ್ಧವಾಗಿರಲಿಲ್ಲ. ನ್ಯೂ ಮೆಕ್ಸಿಕೋದ ಅಂಥ ಒಂದು ನೆಲದ ಬೇಟೆಗಾರನ ತೊಡೆಮೂಳೆಯಲ್ಲಿ ಮುರಿದ ಹಲ್ಲೊಂದು ಆಳವಾಗಿ ಹೂತುಹೋಗಿದೆ. 2014ರಲ್ಲಿ ಸ್ಟೆಫನಿ ಡ್ರಮ್‌ಹೆಲ್ಲರ್ ಮತ್ತು ಸಂಗಡಿಗರು ಅದನ್ನು ಸ್ಕ್ಯಾನ್ ಮಾಡಿ, ಹಲ್ಲಿನ ಆಕಾರವನ್ನು ಮೂಳೆಯೊಳಗಿಂದಲೇ ಬಿಡಿಸಿ ನೋಡಿದಾಗ ಅದು ಫೈಟೊಸಾರ್‌ನ ಹಲ್ಲು ಎಂದು ತಿಳಿಯಿತು. ಅದರ ಸುತ್ತ ಹೊಸ ಮೂಳೆ ಬೆಳೆದು ಗಾಯ ಮಾಗಿದೆ. ತೊಡೆಗೇ ಬಾಯಿಹಾಕಿದ ದೈತ್ಯನಿಂದ ಬಿಡಿಸಿಕೊಂಡು, ಹಲ್ಲನ್ನು ಮೈಯೊಳಗೆ ಇಟ್ಟುಕೊಂಡೇ ಆ ಪ್ರಾಣಿ ಬದುಕಿ ಓಡಾಡಿತು.

ಸುಮಾರು 20 ಕೋಟಿ ವರ್ಷಗಳ ಹಿಂದೆ, ಅಟ್ಲಾಂಟಿಕ್ ಸಾಗರ ಬಾಯ್ದೆರೆಯಲು ತೊಡಗಿದಾಗ ಉಕ್ಕಿದ ಲಾವಾ ಮತ್ತು ಅನಿಲಗಳಿಂದ ಹವಾಮಾನ ಕೆಟ್ಟಿತು. ಟ್ರಯಾಸಿಕ್ ಮುಗಿದದ್ದು ಆ ಸಾಮೂಹಿಕ ಅಳಿವಿನಲ್ಲಿ. ಫೈಟೊಸಾರ್‌ಗಳು ನಿರ್ನಾಮವಾದವು. ಎಫೀಜಿಯಾದ ಬಳಗ ಹೋಯಿತು, ಪೋಸ್ಟೊಸೂಕಸ್‌ನ ಬಳಗವೂ ಹೋಯಿತು. ಇಡೀ ಮೊಸಳೆಕವಲಿನಲ್ಲಿ ಜುರಾಸಿಕ್ ಯುಗದೊಳಗೆ ಬೇರುಬಿಟ್ಟು ಬೆಳೆದದ್ದು ಆ ಕಡ್ಡಿಗಾಲಿನ ಓಟಗಾರರ ಸಂತತಿ ಮಾತ್ರ. ಸಣ್ಣ ದೇಹದಿಂದಲೇ ಬಚಾವಾದವು ಎಂಬ ವಿವರಣೆಯನ್ನು ಬಹಳ ಕಡೆ ಓದುತ್ತೀರಿ. ಕೇಳಲು ಚೆನ್ನಾಗಿದೆ, ಆದರೆ ಅಷ್ಟೇ ಸಣ್ಣ ಗಾತ್ರದ ಎಷ್ಟೋ ಪ್ರಾಣಿಗಳು ಆಗ ಸತ್ತುಹೋಗಿವೆ. ನೀರಿನ ಅಂಚಿನ ಹೊಂಚುಗಾರನ ಜಾಗ ಫೈಟೊಸಾರ್‌ಗಳಿಲ್ಲದೆ ಖಾಲಿಬಿದ್ದಿತ್ತು ಎಂಬುದಂತೂ ಸತ್ಯ. ಮೊಸಳೆಯ ವಂಶಸ್ಥರು ಆ ಜಾಗಕ್ಕೆ ಇಳಿದದ್ದು ಅದರ ನಂತರವೇ.

ಇನ್ನು ‘ಜೀವಂತ ಪಳೆಯುಳಿಕೆ’. ಈ ಪದಪುಂಜವನ್ನು ವನ್ಯಜೀವಿ ಕಾರ್ಯಕ್ರಮಗಳು ಕೈಬಿಟ್ಟರೆ ನನಗೆ ಸಮಾಧಾನ. ಮೇಲಿನದನ್ನೆಲ್ಲ ಓದಿದ ಮೇಲೆ ‘ಬದಲಾಗದೆ ಉಳಿದಿದೆ’ ಎಂಬುದರಲ್ಲಿ ಹುರುಳಿಲ್ಲ ಎಂದು ನಿಮಗೇ ಗೊತ್ತಾಗಿರುತ್ತದೆ. ಬದಲಾವಣೆ ಟ್ರಯಾಸಿಕ್‌ಗೆ ನಿಲ್ಲಲೂ ಇಲ್ಲ. ಜುರಾಸಿಕ್ ಸಮುದ್ರಗಳಲ್ಲಿ ಈ ವಂಶದ ಒಂದು ಶಾಖೆ ಬೆನ್ನಿನ ಫಲಕಗಳನ್ನು ಕಳಚಿಕೊಂಡು, ಕಾಲನ್ನು ದೋಣಿಯ ಹುಟ್ಟಿನಂತೆ ಮಾಡಿಕೊಂಡು, ಮೀನಿನಂಥ ಬಾಲದ ರೆಕ್ಕೆ ಬೆಳೆಸಿಕೊಂಡಿತು. ಕ್ರಿಟೇಷಿಯಸ್ ಯುಗದ ಮಡಗಾಸ್ಕರ್‌ನಲ್ಲಿ ಸೈಮೊಸೂಕಸ್ ಎಂಬುದಿತ್ತು. ಮೊಂಡು ಮೂತಿ, ಮೋಟು ಬಾಲ, ಸೊಪ್ಪು ತಿನ್ನಲು ತಕ್ಕ ಹಲ್ಲು. ನಮ್ಮ ನದಿಗಳ ಮೊಸಳೆ ಸೇರಿರುವ ಕುಲವಂತೂ ವಂಶವಾಹಿಗಳ ಹೋಲಿಕೆಯ ಲೆಕ್ಕದಲ್ಲಿ ಒಂದೆರಡು ಕೋಟಿ ವರ್ಷಕ್ಕಿಂತ ಹಳೆಯದಲ್ಲ. ಡೈನೊಸಾರ್‌ಗಳನ್ನು ಅದು ನೋಡಿಯೇ ಇಲ್ಲ.

ಓಟಗಾರ ಪೂರ್ವಜರ ಕುರುಹು ಬದುಕಿರುವ ಮೊಸಳೆಯ ಎದೆಯೊಳಗೂ ಇದೆ. ಹಲ್ಲಿ, ಹಾವು, ಆಮೆಗಳ ಹೃದಯದಲ್ಲಿ ಕೆಳಗಿನ ಕೋಣೆ ಪೂರ್ತಿ ಇಬ್ಭಾಗವಾಗಿರುವುದಿಲ್ಲ. ಮೊಸಳೆಯ ಹೃದಯಕ್ಕೆ ಹಕ್ಕಿಗಳಂತೆ, ನಮ್ಮಂತೆ, ನಾಲ್ಕು ಪೂರ್ಣ ಕೋಣೆಗಳಿವೆ. ಬಿಸಿಲಿಗೆ ಮೈಯೊಡ್ಡಿ ಗಂಟೆಗಟ್ಟಲೆ ಮಲಗುವ ಪ್ರಾಣಿಗೆ ಇಷ್ಟು ಸಮರ್ಥ ಪಂಪು ಏತಕ್ಕೆ? ಅದರ ಜೊತೆಗೇ ಬಲಭಾಗದಿಂದ ಹೊರಡುವ ಒಂದು ಹೆಚ್ಚುವರಿ ಮಹಾಧಮನಿ ಇದ್ದು, ಶ್ವಾಸಕೋಶಕ್ಕೆ ಹೋಗಬೇಕಾದ ರಕ್ತವನ್ನು ಬೇಕೆಂದಾಗ ಮೈಗೆ ತಿರುಗಿಸುವ ಏರ್ಪಾಡೂ ಇದೆ. 2004ರಲ್ಲಿ ರೋಜರ್ ಸೀಮೋರ್ ಮತ್ತು ಸಂಗಡಿಗರು ಇದಕ್ಕೆ ಕೊಟ್ಟ ವಿವರಣೆ ಹೀಗೆ: ನಾಲ್ಕು ಕೋಣೆ ಬಂದದ್ದು ಬಿಸಿರಕ್ತದ, ಚುರುಕಿನ ಪೂರ್ವಜರಲ್ಲಿ, ಮೊಸಳೆ ನೀರಿಗಿಳಿದು ಹೊಂಚುಹಾಕಿ ಕೂರುವ ಬದುಕನ್ನು ಆರಿಸಿಕೊಂಡ ಮೇಲೆ ತಣ್ಣಗಿನ, ನಿಧಾನದ ದೇಹಕ್ಕೆ ಮರಳಿತು, ಆಗ ಈ ರಕ್ತ ತಿರುಗಿಸುವ ವ್ಯವಸ್ಥೆ ಸೇರಿಕೊಂಡಿತು. ಇದನ್ನು ಎಲ್ಲರೂ ಒಪ್ಪುವುದಿಲ್ಲ. ಟೆರೆಸ್ಟ್ರಿಸೂಕಸ್‌ನ ವೇಗದ ಮೂಳೆ ನೋಡಿದ ಮೇಲೆ ನಾನು ಒಪ್ಪುವವರ ಸಾಲಿನಲ್ಲಿದ್ದೇನೆ. ಸೋಮಾರಿತನ ಮೊಸಳೆಯ ಪಿತ್ರಾರ್ಜಿತವಲ್ಲ, ಸ್ವಯಾರ್ಜಿತ.

ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಕರ್ನಾಟಕದ ನೆಲದ ಬಹುಭಾಗ 250 ಕೋಟಿ ವರ್ಷಗಳಿಗಿಂತ ಹಳೆಯ ನೈಸ್ ಮತ್ತು ಗ್ರಾನೈಟ್ ಶಿಲೆ. ಅದು ಆದಾಗ ಮೂಳೆಯಿರುವ ಪ್ರಾಣಿಯೇ ಇರಲಿಲ್ಲ. ಬಾದಾಮಿಯ ಮರಳುಗಲ್ಲು, ಭೀಮಾ ತೀರದ ಶಹಾಬಾದ್ ಕಲ್ಲು ನೀರಿನ ತಳದಲ್ಲೇ ಆದಂಥವು, ಆದರೆ ಅವೂ ಪ್ರಾಣಿಗಳಿಗೆ ಎಲುಬು ಮೂಡುವ ಮೊದಲಿನವು. ಬೀದರ್, ಬೆಳಗಾವಿ, ವಿಜಯಪುರದ ಕಪ್ಪುಕಲ್ಲು 6.6 ಕೋಟಿ ವರ್ಷಗಳ ಆಸುಪಾಸಿನ ಲಾವಾ. ಟ್ರಯಾಸಿಕ್ ಅದಕ್ಕಿಂತ ಎಷ್ಟೋ ಮುಂಚೆಯೇ ಮುಗಿದಿತ್ತು. ಈ ಎರಡರ ನಡುವಿನ ಪುಟಗಳು ನಮ್ಮಲ್ಲಿ ಉಳಿದಿಲ್ಲ. ಗೋದಾವರಿ ಕಣಿವೆಯಲ್ಲಿ ಹಾಗಲ್ಲ, ನೆಲ ಬಿರಿದು ಕುಸಿದ ಉದ್ದನೆಯ ತಗ್ಗಿನಲ್ಲಿ ಕೋಟ್ಯಂತರ ವರ್ಷಗಳ ಕೆಸರು ಒಂದರ ಮೇಲೊಂದು ಕೂತು ಜೋಪಾನವಾಯಿತು. ಹೈದರಾಬಾದಿಗೆ ಹೋದಾಗ ಬಿಡುವಿದ್ದರೆ ಬಿರ್ಲಾ ವಿಜ್ಞಾನ ಕೇಂದ್ರಕ್ಕೆ ಹೋಗಿ. ಅದೇ ಕಣಿವೆಯ ಜುರಾಸಿಕ್ ಪದರದಿಂದ ಬಂದ ಡೈನೊಸಾರ್ ಅಸ್ಥಿಪಂಜರ ಅಲ್ಲಿದೆ. ಪ್ಯಾರಾಸೂಕಸ್ ನೋಡಬೇಕೆಂದರೆ ಕೋಲ್ಕತ್ತಾದ ಸಂಸ್ಥೆಗೆ ಮೊದಲೇ ಪತ್ರ ಬರೆದು ವಿಚಾರಿಸಿ. ನೋಡಲು ಸಿಕ್ಕರೆ ಹೊಳ್ಳೆಗಳಾದ ಮೇಲೆ ಮಣಿಕಟ್ಟನ್ನೂ ನೋಡಿ ಬನ್ನಿ.